ನೀರು ಕುಡಿಯದ ಮಣ್ಣು

ನಂದಿ ಬೆಟ್ಟಕ್ಕೆ ಹೋದವರು ಸೂರ್ಯೋದಯ ನೋಡಿ, ಮಂಜಿನಲ್ಲಿ ಫೋಟೋ ತೆಗೆಸಿಕೊಂಡು ವಾಪಸಾಗುತ್ತಾರೆ. ಬುಡದಲ್ಲಿರುವ ನಂದಿ ಗ್ರಾಮದತ್ತ ತಿರುಗುವವರು ಕಡಿಮೆ. ಅಲ್ಲಿ ಸಾವಿರ ವರ್ಷಕ್ಕೂ ಹಳೆಯದಾದ ಭೋಗನಂದೀಶ್ವರ ದೇವಾಲಯವಿದೆ. ಅದರ ಕಲ್ಯಾಣಿಯ ಮೆಟ್ಟಿಲ ಮೇಲೆ ಕುಳಿತರೆ ಬಿಸಿಲು ಮರೆತೇಹೋಗುತ್ತದೆ.

ಹೋದ ಬೇಸಿಗೆ ರಜೆಯಲ್ಲಿ, ಏಪ್ರಿಲ್ ಕೊನೆಯ ವಾರ, ಒಂಬತ್ತು ವರ್ಷದ ಮೊಮ್ಮಗಳೊಂದಿಗೆ ಅಲ್ಲಿಗೆ ಹೋಗಿದ್ದೆ. ದರ್ಶನ ಮುಗಿಸಿ ಹತ್ತಿರದ ಹಳ್ಳಿಯಲ್ಲಿರುವ ಅಕ್ಕನ ಮನೆಗೆ ಹೊರಟೆವು. ದಾರಿಯಲ್ಲೇ ಅಕ್ಕನವರ ನೀಲಗಿರಿ ತೋಪು. ನೆರಳು ಕಂಡು ನಿಂತೆವು. ಮೊಮ್ಮಗಳು ನೀರು ಕುಡಿಯುವಾಗ ಬಾಟಲಿಯಿಂದ ಸ್ವಲ್ಪ ಚೆಲ್ಲಿತು.

"ತಾತ, ಇಲ್ಲಿ ನೋಡು, ನೀರು ಒಳಗೇ ಹೋಗ್ತಿಲ್ಲ!"

ಹೌದು. ಹನಿಗಳು ಧೂಳು ಮೆತ್ತಿಕೊಂಡು ಸಾಬಕ್ಕಿ ಕಾಳಿನಂತೆ ಉರುಳುತ್ತಿದ್ದವು. ತರಗೆಲೆ ಸರಿಸಿ, ಬಾಟಲಿಯ ಮುಚ್ಚಳದಿಂದ ಒಂದೇ ಹನಿ ಬಿಟ್ಟು ಎಣಿಸತೊಡಗಿದೆವು. ಅರವತ್ತು ದಾಟಿದರೂ ಹನಿ ಮುತ್ತಿನ ಹಾಗೆ ಕುಳಿತೇ ಇತ್ತು. ಬದುವಿನ ಹೊಂಗೆ ಮರದ ಕೆಳಗೆ ಅದೇ ಕೆಮ್ಮಣ್ಣಿನ ಮೇಲೆ ಬಿಟ್ಟೆವು. ಮೂರು ಎಣಿಸುವಷ್ಟರಲ್ಲಿ ಮಾಯ.

ಮಣ್ಣಿನ ವಿಜ್ಞಾನಿಗಳೂ ಹೀಗೆಯೇ ಹನಿ ಬಿಟ್ಟು ಗಡಿಯಾರ ನೋಡುತ್ತಾರೆ. 5 ಸೆಕೆಂಡಿನೊಳಗೆ ಹೀರಿದರೆ ಅದು ಸಾಮಾನ್ಯ ಮಣ್ಣು. ಅದಕ್ಕಿಂತ ತಡವಾದರೆ ನೀರನ್ನು ದೂರ ತಳ್ಳುವ ಮಣ್ಣು. ಕೆಸುವಿನ ಎಲೆಯ ಮೇಲೆ ನೀರು ನಿಲ್ಲದಿರಲು ಅದರ ಮೇಣದ ಪದರವೂ ಕಾರಣ. ನೀಲಗಿರಿ ಎಲೆಯಲ್ಲೂ ಮೇಣವಿದೆ, ಎಣ್ಣೆಯಿದೆ. ಉದುರಿದ ಎಲೆ ಕೊಳೆತಾಗ ಆ ಜಿಡ್ಡು ಮಣ್ಣಿನ ಕಣಗಳಿಗೆ ಅಂಗಿ ತೊಡಿಸಿದಂತೆ ಅಂಟುತ್ತದೆ. ಮಣ್ಣಿನೊಳಗಿನ ಬೂಷ್ಟುಗಳೂ ಇದಕ್ಕೆ ಕೈ ಜೋಡಿಸುತ್ತವೆ. ಪೈನ್ ಮರಗಳ ಕೆಳಗೂ ಹೀಗಾಗುವುದುಂಟು. ಮಣ್ಣು ಒಣಗಿದಷ್ಟೂ ಇದು ಜೋರು. ದಿನಗಟ್ಟಲೆ ಜಿನುಗುಮಳೆಯಲ್ಲಿ ನೆನೆದರೆ ತಗ್ಗುತ್ತದೆ, ಬೇಸಿಗೆಗೆ ಮತ್ತೆ ಹಾಜರ್. ತರಗೆಲೆಗೆ ಬೆಂಕಿ ಬಿದ್ದರಂತೂ ಮೇಣ ಆವಿಯಾಗಿ ಕೆಳಗಿಳಿದು, ತಣ್ಣಗಿರುವ ಮಣ್ಣಿನಲ್ಲಿ ಮತ್ತೆ ಹೆಪ್ಪುಗಟ್ಟುತ್ತದೆ. ಆಮೇಲೆ ಬಿದ್ದ ಮಳೆ ಮೇಲಿನ ಬೂದಿಯನ್ನೂ ಮಣ್ಣನ್ನೂ ಬಾಚಿಕೊಂಡು ಹೋಗುತ್ತದೆ.

ಸುಮಾರು 1790ರಲ್ಲಿ ಟಿಪ್ಪು ಸುಲ್ತಾನ್ ಆಸ್ಟ್ರೇಲಿಯದ ಈ ಮರವನ್ನು ಇದೇ ನಂದಿ ಬೆಟ್ಟದಲ್ಲಿ ನೆಡಿಸಿದನೆಂದು ಹೇಳುತ್ತಾರೆ. ಬೆಟ್ಟದ ನೀಲಗಿರಿಗೆ ಟಿಪ್ಪು ಕಾರಣನಾದರೆ, ಅಕ್ಕನ ಹೊಲದ ನೀಲಗಿರಿಗೆ ನಾನು. 1980ರ ದಶಕದಲ್ಲಿ ಈ ಸೀಮೆಯ ಎಷ್ಟೋ ರಾಗಿ ಹೊಲಗಳು ನೀಲಗಿರಿ ತೋಪುಗಳಾದವು. ನೀರು ಹಾಯಿಸಬೇಕಿಲ್ಲ, ದನ ಮೇಯುವುದಿಲ್ಲ, ಕಡಿದರೆ ಮತ್ತೆ ಚಿಗುರುತ್ತದೆ. ಬ್ಯಾಂಕಿನ ಗುಮಾಸ್ತ, ಬಿ.ಕಾಂ. ಓದಿದವನು, ಕಾಗದದ ಮೇಲೆ ಲೆಕ್ಕ ಹಾಕಿ ಭಾವನಿಗೆ ತೋರಿಸಿದ್ದೆ. ಆ ಲೆಕ್ಕದಲ್ಲಿ ಮಣ್ಣಿಗೊಂದು ಕಾಲಂ ಇರಲಿಲ್ಲ.

ತೋಪಿನ ಕೆಳಗಿನ ಬಾವಿ ಈಗ ಬತ್ತಿದೆ. ಎಲ್ಲ ತಪ್ಪನ್ನೂ ಮರದ ಮೇಲೆ ಹೊರಿಸುವುದು ಸರಿಯಲ್ಲ; ಸುತ್ತ ಬೋರ್‌ವೆಲ್‌ಗಳಿವೆ, ಬೇರುಗಳ ದಾಹವೂ ಇದೆ. ಬೇರಿನ ಸಂದು, ಬಿರುಕುಗಳಲ್ಲಿ ಒಂದಿಷ್ಟು ನೀರು ಇಳಿಯುವುದೂ ನಿಜ.

ಆ ಸಂಜೆ ಭರಣಿ ಮಳೆ ಅರ್ಧ ಗಂಟೆ ಬಾರಿಸಿತು. ಬೆಳಗ್ಗೆ ಅಕ್ಕನ ಮಗ, ನಾನು, ಮೊಮ್ಮಗಳು ಒಂದು ಕುಡುಗೋಲು ಹಿಡಿದು ತೋಪಿಗೆ ಹೋದೆವು. ಹೊಂಗೆಯ ಕೆಳಗೆ ಗೇಣುದ್ದ ಕೆದಕಿದರೂ ತೇವವಿತ್ತು. ನೀಲಗಿರಿಯ ಕೆಳಗೆ ಒದ್ದೆ ಎಲೆ ಸರಿಸಿದರೆ ಬೆರಳ ಗೆಣ್ಣಿನಷ್ಟೂ ಇಳಿದಿರಲಿಲ್ಲ. ಒಣ ಧೂಳು ಹಾರಿತು.

"ಬುಡ ಕೀಳಿಸಿ ಹೊಂಗೆ, ಹುಣಸೆ ಹಾಕೋಣ ಅಂತಿದೀನಿ ಮಾವ. ಖರ್ಚು ಎಷ್ಟಾಗುತ್ತೆ, ಒಂದು ಲೆಕ್ಕ ಹಾಕಿಕೊಡ್ತೀರಾ?" ಎಂದ.

ಮೊಮ್ಮಗಳ ಚಿತ್ರದ ಪುಸ್ತಕದಿಂದ ಒಂದು ಹಾಳೆ ಹರಿದುಕೊಂಡು ಬದುವಿನ ಮೇಲೆ ಕುಳಿತೆ.