ಮೆರವಣಿಗೆ ಫೋಟೋ ಇದ್ದೋರು ಕಳಿಸಿ

ನಮ್ಮಣ್ಣನ ಮಗನ ಮದುವೆಗೆ ಬಂದವರು ನಿಮ್ಮ ಮೊಬೈಲಲ್ಲಿರೋ ಫೋಟೋ ಕಳಿಸ್ರಪ್ಪಾ. ಸ್ಟೇಜಿನವು ಬೇಡ, ಅದಕ್ಕೆ ದುಡ್ಡು ಕೊಟ್ಟು ಕರೆಸಿದ ಫೋಟೋಗ್ರಾಫರ್ ಇದ್ದ. ಅವನು ಊಟಕ್ಕೆ ಕೂತಾಗಲೇ ನಮ್ಮ ಹುಡುಗನ ಜೀಪು ಮೇಲ್ಕೇರಿ ಬೀದಿ ದಾಟಿದ್ದು. ನನಗೆ ಬೇಕಾದ್ದು ಅದು.

ದೇವಸ್ಥಾನದ ಹತ್ರ 'ವಾದ್ಯ ನಿಲ್ಸಿ' ಅಂದ್ರು. ನಮ್ಮೋರು ನಿಲ್ಸಲಿಲ್ಲ. ದಲಿತರ ಮದುವೆ ಮೆರವಣಿಗೆ ತಡೆಯೋದು ಅಪರಾಧ ಅಂತ ದೌರ್ಜನ್ಯ ತಡೆ ಕಾಯ್ದೆಗೆ 2015ರ ತಿದ್ದುಪಡಿಯಲ್ಲೇ ಸೇರಿಸಿದ್ದಾರೆ. ನಾಳೆ ಯಾರಾದರೂ 'ನಾವೇನೂ ಅನ್ನಲಿಲ್ಲ' ಅಂದರೆ ಕೈಯಲ್ಲಿ ಏನಾದರೂ ಇರಬೇಕಲ್ಲ?

ವಾಟ್ಸಾಪಲ್ಲಿ ಫೋಟೋ ಅಂತ ಕಳಿಸಿದರೆ ತೆಗೆದ ಸಮಯ, ಜಾಗದ ವಿವರ ಹೋಗಿಬಿಡುತ್ತೆ. ಡಾಕ್ಯುಮೆಂಟ್ ಅಂತ ಕಳಿಸಿ. ಹೆಣ್ಣುಮಕ್ಕಳನ್ನ ಕೇಳದೆ ಅವರ ಫೋಟೋ ಸ್ಟೇಟಸ್‌ಗೆ ಹಾಕಬೇಡಿ.

ನಮ್ಮವ್ವನ ಮದುವೆಯದ್ದು ಒಂದು ಫೋಟೋನೂ ಇಲ್ಲ. ಈಗ ಮೊಮ್ಮಗನ ಜೀಪಿನ ಮುಂದೆ ಕುಣಿದಿದ್ದಾಳೆ. ಅಲುಗಾಡಿದ್ದರೂ ಪರವಾಗಿಲ್ಲ, ಕಳಿಸಿ.