ಲೇ, ನಾನು ರೆಡಿ ಇದ್ದೆ!

ಕರೂರು ಕೈಗಾರಿಕಾ ಪ್ರದೇಶದಲ್ಲಿ ನಮ್ಮ ಗೆಳೆಯನ ಅಪ್ಪಂದು ಒಂದು ಸಣ್ಣ ಶೆಡ್ ಇದೆ. ಭಾನುವಾರ ಲೇಥ್ ಬಂದ್, ಪ್ಯಾಕಿಂಗ್ ಟೇಬಲ್ ನಮ್ಮದು. ಐದು ಜನ, ಒಂದು ಪೊಟ್ಟಣ ಮಂಡಕ್ಕಿ, ನಾಲ್ಕು ಮಿರ್ಚಿ, ಇಪ್ಪತ್ತು ಮುಖದ ಡೈಸ್. ಆಟ: ಡಂಜನ್ಸ್ ಅಂಡ್ ಡ್ರ್ಯಾಗನ್ಸ್.

ಗೊತ್ತಿಲ್ಲದವರಿಗೆ: ಇದು 1974ರಲ್ಲಿ ಅಮೆರಿಕದಲ್ಲಿ ಶುರುವಾದ ಆಟ. ಕಥೆ ನಡೆಸೋನು ಡಿಎಂ, ಉಳಿದವರದು ಒಂದೊಂದು ಪಾತ್ರ. ಹೊಡೆದಾಟ ಬಂದರೆ ಡೈಸ್ ಉರುಳಿಸಿ ಸರದಿ ಗೊತ್ತು ಮಾಡ್ತೀವಿ. ಒಂದು ಸುತ್ತು ಅಂದ್ರೆ ಕಥೆಯಲ್ಲಿ 6 ಸೆಕೆಂಡ್.

ಒಂದು ಭಾನುವಾರ ಗುಹೆಯ ಬಾಗಿಲ ಮುಂದೆ ನಿಂತಿದ್ವಿ. ನಮ್ಮ ಬಿಲ್ಲುಗಾರ, "ಬಾಣ ಹೂಡಿದ್ದೀನಿ, ಬಾಗಿಲು ತೆಗೆದವರಿಗೆ ಹೊಡಿತೀನಿ" ಅಂದ. ಗಾಬ್ಲಿನ್‌ಗಳು ಬಂದಿದ್ದು ಹಿಂದಿನಿಂದ. "ಎಲ್ಲರೂ ಸರ್‌ಪ್ರೈಸ್ಡ್, ಮೊದಲ ಸರದಿ ಹೋಯ್ತು" ಅಂದ ಡಿಎಂ. ಎಂಟು ತಿಂಗಳು ಸಾಕಿದ ಬಿಲ್ಲುಗಾರನ ಪಾತ್ರ ಅಲ್ಲೇ ಸತ್ತಿತು. "ಲೇ, ನಾನು ರೆಡಿ ಇದ್ದೆ!" ಅಂತ ಕಿರುಚಿ ಡೈಸ್ ಜೇಬಿಗೆ ಹಾಕ್ಕೊಂಡು ಹೋದ. ಮೂರು ಭಾನುವಾರ ಬರಲಿಲ್ಲ. ಕ್ಲಾಸಲ್ಲೂ ಬೇರೆ ಬೆಂಚು.

ಕೊನೆಗೆ ನಾವು ಮಾಡಬೇಕಿದ್ದ ಕೆಲಸ ಮಾಡಿದ್ವಿ, 2014ರ ರೂಲ್‌ಬುಕ್ ಓದಿದ್ವಿ.

ರೆಡಿ ಅನ್ನೋದು ಹೊಡೆದಾಟ ಶುರುವಾದ ಮೇಲೆ, ನಮ್ಮ ಸರದಿಯನ್ನೇ ಖರ್ಚು ಮಾಡಿ ತಗೊಳ್ಳೋ ಆಕ್ಷನ್. "ಇಂಥದ್ದು ಆದರೆ ಇಂಥದ್ದು ಮಾಡ್ತೀನಿ" ಅಂತ ಮೊದಲೇ ಹೇಳಬೇಕು. ಅದು ಆಗದಿದ್ರೆ ಸರದಿ ದಂಡ. ಮಂತ್ರ ಹಿಡಿದಿಟ್ಟುಕೊಂಡಿದ್ದಾಗ ಏಕಾಗ್ರತೆ ಮುರಿದ್ರೆ ಮಂತ್ರವೂ ಹೋಯ್ತು. ಅಂದ್ರೆ ಬಾಗಿಲಿಗೆ ಹೂಡಿದ ಬಾಣ ಬೆನ್ನ ಹಿಂದಿನವರಿಗೆ ಉಪಯೋಗವಿಲ್ಲ. ಡಿಎಂ ಹೇಳಿದ್ದೇ ಸರಿ ಅನ್ಕೊಂಡ್ವಿ.

ಆದರೆ ಸರ್‌ಪ್ರೈಸ್ ನಿಯಮ ಬೇರೆ. ಅಡಗಿದವರ ಸ್ಟೆಲ್ತ್ ಅಂಕವನ್ನ ಎದುರಿನ ಒಬ್ಬೊಬ್ಬರ ಪ್ಯಾಸಿವ್ ಪರ್ಸೆಪ್ಷನ್ ಜೊತೆ ಹೋಲಿಸಬೇಕು. ಗುಂಪಿಗೆಲ್ಲ ಒಂದೇ ತೀರ್ಪಿಲ್ಲ. ಗಾಬ್ಲಿನ್‌ಗಳಿಗೆ ಬಿದ್ದಿದ್ದು 13. ನಮ್ಮ ಮೂವರದು 10, 11, 12. ಬಿಲ್ಲುಗಾರನದು 16! ಅವನಿಗೆ ಸಪ್ಪಳ ಕೇಳಿಸಿರಬೇಕಿತ್ತು, ಸರದಿ ಸಿಗಬೇಕಿತ್ತು. ಅವನು ಕೊಟ್ಟ ಕಾರಣ ತಪ್ಪು, ಕೇಳಿದ್ದು ನ್ಯಾಯ. ನಾವು ಒಬ್ಬರೂ ಲೆಕ್ಕ ನೋಡದೆ ನಕ್ಕಿದ್ವಿ.

ಪಕ್ಕದ ಚಿತ್ರದುರ್ಗದ ಓಬವ್ವನ ಕಥೆ ಆಗ ಬೇರೆ ಥರ ಕಾಣಿಸ್ತು. ಆಕೆ ಕೋಟೆಯನ್ನೆಲ್ಲ ಕಾಯಲಿಲ್ಲ, ಒಂದು ಕಿಂಡಿ ಕಾದಳು. ತಲೆ ಹೊರಗೆ ಬಂದರೆ ಒನಕೆ: ಇದಕ್ಕಿಂತ ಚೆನ್ನಾಗಿ ರೆಡಿ ಆಕ್ಷನ್ ವಿವರಿಸೋಕಾಗಲ್ಲ. ಒಂದು ಸುತ್ತಿಗೆ ಒಂದೇ ರಿಯಾಕ್ಷನ್, ಕಿಂಡಿಯಲ್ಲಿ ಒಂದು ಸಲಕ್ಕೆ ಒಂದೇ ತಲೆ. ಆದರೆ ಅದಕ್ಕೂ ಮೊದಲು, ನೀರಿಗೆ ಹೋದಾಗ ಕಿಂಡಿ ಕಡೆ ಶತ್ರುಗಳ ಸುಳಿವು ಆಕೆಗೆ ಸಿಕ್ಕಿತ್ತು. ಗಮನಿಸಿದ್ದು ಮೊದಲು, ಒನಕೆ ಆಮೇಲೆ.

ಡಿಎಂ ಆವತ್ತು ರಾತ್ರಿಯೇ ಫೋನ್ ಮಾಡಿ, "ತಪ್ಪು ನಂದು ಕಣೋ, ಆ ಸುತ್ತು ಮತ್ತೆ ಆಡೋಣ" ಅಂದ. ಆ ಕಡೆಯಿಂದ ಬರೀ "ನೋಡ್ತೀನಿ."

ಮುಂದಿನ ಭಾನುವಾರ ಒಳಗೆ ಕೂತಿದ್ವಿ. ಶಟರ್ ಬಡಿದ ಸದ್ದು. ಡಿಎಂ ಎದ್ದು ಮೇಲೆತ್ತಿದ್ದೇ ತಡ, ಮುಖದ ಮೇಲೆ ಒಂದು ಮುಷ್ಟಿ ಮಂಡಕ್ಕಿ.

"ಬಾಗಿಲು ತೆಗೆದವರಿಗೆ ಹೊಡಿತೀನಿ ಅಂತ ಅವತ್ತೇ ಹೇಳಿದ್ನಲ್ಲಲೇ."