ಮೂವತ್ತೊಂಬತ್ತು ಅಂಕಿಯ ಸಂಖ್ಯೆ

22 ಅಕ್ಟೋಬರ್ 2024, ಮಂಗಳವಾರ

ಹೊಸ ಅವಿಭಾಜ್ಯ ಸಂಖ್ಯೆ ಸಿಕ್ಕಿದೆಯಂತೆ. 2ರ 13,62,79,841ನೇ ಘಾತದಲ್ಲಿ ಒಂದು ಕಳೆದರೆ ಬರುವಂಥದ್ದು, 4,10,24,320 ಅಂಕಿ! ಕಂಡುಹಿಡಿದವರು ಅಮೆರಿಕದ ಲೂಕ್ ಡ್ಯುರಾಂಟ್. ಓದಿ ಖುಷಿಯಾಯಿತು. ಆದರೂ ಮನಸ್ಸು ಓಡಿದ್ದು ಅದೇ ಕುಲದ ಹಿರಿಯನ ಕಡೆಗೆ. 2ರ 127ನೇ ಘಾತ, ಅದರಲ್ಲಿ ಒಂದು ಕಡಿಮೆ. ಪೂರ್ತಿ ಬರೆದಿಡುತ್ತೇನೆ:

170141183460469231731687303715884105727

ಇದು ಅವಿಭಾಜ್ಯವೆಂದು 1876ರಲ್ಲಿ ಫ್ರಾನ್ಸಿನ ಎಡ್ವಾರ್ಡ್ ಲೂಕಾಸ್ ಕೈಲೆಕ್ಕದಲ್ಲೇ ಸಾಧಿಸಿದ. 1951ರವರೆಗೆ ಇದಕ್ಕಿಂತ ದೊಡ್ಡದು ಯಾರಿಗೂ ಸಿಗಲಿಲ್ಲ.

24 ಅಕ್ಟೋಬರ್, ಗುರುವಾರ

ಒಂದೊಂದೇ ಸಂಖ್ಯೆಯಿಂದ ಭಾಗಿಸಿ ನೋಡುವ ದಾರಿ ಇಲ್ಲಿ ನಡೆಯುವುದಿಲ್ಲ. ಇದರ ವರ್ಗಮೂಲಕ್ಕೇ 20 ಅಂಕಿ. ಲೂಕಾಸ್ ಹಿಡಿದ ಎಳೆ ಬೇರೆ. ಸಂಖ್ಯೆಯ ಒಳಗೇನಿದೆಯೋ ತಿಳಿಯದು, ಆದರೆ ಅದಕ್ಕೆ ಒಂದು ಕೂಡಿಸಿದರೆ ಬರೀ ಎರಡುಗಳ ಗುಣಲಬ್ಧ. ಅದರ ಒಳಗು ಪೂರ್ತಿ ಗೊತ್ತು. ಆ ತಿಳಿವಿನ ಬಲದಿಂದಲೇ ಪರೀಕ್ಷೆ. ಮುಂದೆ ಗಣಿತಜ್ಞ ಲೆಹ್ಮರ್ ಅದನ್ನು ಸರಳಗೊಳಿಸಿದ: 4ರಿಂದ ಹೊರಡು, ವರ್ಗ ಮಾಡು, ಎರಡು ಕಳೆ, ಪರೀಕ್ಷಿಸುವ ಸಂಖ್ಯೆಯಿಂದ ಭಾಗಿಸಿ ಶೇಷ ಇಟ್ಟುಕೊ, ಮತ್ತೆ ಅದನ್ನೇ ಮಾಡು. ಘಾತಕ್ಕಿಂತ ಎರಡು ಕಡಿಮೆ ಸುತ್ತು; ಕೊನೆಗೆ ಶೇಷ ಸೊನ್ನೆಯಾದರೆ ಅವಿಭಾಜ್ಯ.

ರಾತ್ರಿ 127ಕ್ಕೇ ಮಾಡಿ ನೋಡಿದೆ. ಅದು 2ರ 7ನೇ ಘಾತಕ್ಕೆ ಒಂದು ಕಡಿಮೆ, ಹಾಗಾಗಿ ಐದು ಸುತ್ತು ಸಾಕು. 4, 14, ಆಮೇಲೆ 194. ಅದರ ಶೇಷ 67. 67ರ ವರ್ಗದಲ್ಲಿ ಎರಡು ಕಳೆದರೆ 4487. ಇಲ್ಲಿ ಭಾಗಾಕಾರವೇ ಬೇಡ, 128ರ ಶೇಷ 1 ತಾನೇ: 4487 ಅಂದರೆ 35 ಸಲ 128, ಮೇಲೆ 7. ಆ 35 ಮತ್ತು 7 ಕೂಡಿಸಿದರೆ 42, ಅದೇ ಶೇಷ. ನಂತರ 111. ಕೊನೆಯ ಸುತ್ತಿನಲ್ಲಿ 12319, ಅಂದರೆ 96 ಸಲ 128, ಮೇಲೆ 31. ಕೂಡಿಸಿದರೆ ಸರಿಯಾಗಿ 127. ಶೇಷ ಸೊನ್ನೆ! ಅವಿಭಾಜ್ಯ. ಎಷ್ಟು ಸಲ ನೋಡಿದರೂ ಆ ಸೊನ್ನೆ ಬಿದ್ದಾಗ ಮೈ ಜುಮ್ಮೆನ್ನುತ್ತದೆ. 39 ಅಂಕಿಯ ಸಂಖ್ಯೆಗೆ ಇಂಥವೇ 125 ಸುತ್ತು. ಮೊನ್ನೆಯ ಸಂಖ್ಯೆಯನ್ನು ದೃಢಪಡಿಸಿದ್ದೂ ಈ ಕ್ರಮವೇ.

27 ಅಕ್ಟೋಬರ್, ಭಾನುವಾರ

ಇದೇ ಲೂಕಾಸ್ 2ರ 67ನೇ ಘಾತಕ್ಕೆ ಒಂದು ಕಡಿಮೆಯಿರುವ ಸಂಖ್ಯೆ ಅವಿಭಾಜ್ಯವಲ್ಲ ಎಂದೂ ತೋರಿಸಿದ್ದ, ಒಂದು ಅಪವರ್ತನವನ್ನೂ ಕಾಣದೆ. ಅವು ಸಿಕ್ಕಿದ್ದು 1903ರಲ್ಲಿ, ಫ್ರ್ಯಾಂಕ್ ಕೋಲ್‌ಗೆ: 193707721 ಮತ್ತು 761838257287. ಒಡೆಯುತ್ತದೆ ಎಂದು ತಿಳಿಯುವುದೇ ಬೇರೆ, ಒಡೆಯುವುದೇ ಬೇರೆ. ಈ ಅಂತರ ನನಗೆ ಗಣಿತದ ಅತ್ಯಂತ ಚೆಂದದ ಸಂಗತಿಗಳಲ್ಲೊಂದು.

ಹನೋಯಿ ಗೋಪುರದ ಆಟವೂ ಲೂಕಾಸ್‌ನದೇ, 1883ರದ್ದು. 127 ಬಿಲ್ಲೆಗಳನ್ನು ಸಾಗಿಸಲು ಬೇಕಾಗುವ ಕನಿಷ್ಠ ನಡೆಗಳು ನಮ್ಮ 39 ಅಂಕಿಯ ಸಂಖ್ಯೆಯಷ್ಟೇ.

ಇನ್ನೊಂದು ಸರಪಳಿ ಕಾಡುತ್ತಿದೆ. 2ನ್ನು ಘಾತವಾಗಿಟ್ಟು ಒಂದು ಕಳೆದರೆ 3. 3ನ್ನು ಇಟ್ಟರೆ 7, 7ನ್ನು ಇಟ್ಟರೆ 127, 127ನ್ನು ಇಟ್ಟರೆ ನಮ್ಮ ಸಂಖ್ಯೆ. ಎಲ್ಲವೂ ಅವಿಭಾಜ್ಯ. ಮುಂದಿನದು? ಅದಕ್ಕೆ ಲೂಕಾಸ್ ಪರೀಕ್ಷೆ ಮಾಡಲು ಹೊರಟರೆ ಸುತ್ತುಗಳ ಎಣಿಕೆಯೇ 39 ಅಂಕಿ. ಉಳಿದಿರುವುದು ಯಾವುದಾದರೂ ಚಿಕ್ಕ ಅಪವರ್ತನ ಹುಡುಕಿ ಸರಪಳಿ ಕಡಿಯುವ ದಾರಿ; ಅಂಥದ್ದು ಈವರೆಗೆ ಸಿಕ್ಕಿಲ್ಲ.